ಹಾಸಿಗೆ ಹಿಡಿದವರನ್ನು ಮತ್ತೆ ನಡೆಸುವುದು: ಅಟೆಂಡರ್‌ಗಳಿಗೆ ಹಂತ ಹಂತದ ಮಾರ್ಗದರ್ಶಿ

ಸೊಂಟದ ಮೂಳೆ ಮುರಿದು ಆಪರೇಷನ್ ಆದ ಅಜ್ಜಿ. ಬೆಳಿಗ್ಗೆ ಫಿಸಿಯೋ ಬಂದಾಗ ಹನ್ನೆರಡು ಹೆಜ್ಜೆ ಇಡುತ್ತಾರೆ. ಸಂಜೆ ಅಟೆಂಡರ್ ಎಬ್ಬಿಸಲು ಹೋದರೆ ಕಾಲು ಗಡಗಡ ನಡುಗಿ, ಅರ್ಧ ಎದ್ದು ಮತ್ತೆ ಮಂಚಕ್ಕೆ ಕುಸಿಯುತ್ತಾರೆ. "ಫಿಸಿಯೋ ಇದ್ರೆ ಮಾತ್ರ ನಡೀತಾರೆ ಮೇಡಂ, ನಮ್ಮ ಹತ್ರ ನಾಟಕ" ಅನ್ನುವ ದೂರು ನನಗೆ ಪದೇ ಪದೇ ಬರುತ್ತದೆ. ನಾಟಕ ಅಲ್ಲ. ಹೋಗಿ ನೋಡಿದರೆ ಹೆಚ್ಚಿನ ಸಲ ಅದೇ ಎರಡು ತಪ್ಪು. ಒಂದು, ನಡುವಿನ ಹಂತಗಳನ್ನು ಬಿಟ್ಟು ಮಲಗಿದವರನ್ನು ಸೀದಾ ನಡೆಸಲು ಹೋಗುವುದು. ಎರಡು, ಅವರ ಕಾಲು ಮಾಡಬೇಕಾದ ಕೆಲಸವನ್ನು ನಾವು ಅವರ ಕಂಕುಳಿಗೆ ಕೈ ಹಾಕಿ ಮಾಡಿಬಿಡುವುದು.

ಮನೆಗಳಲ್ಲಿ ನೋಡಿಕೊಳ್ಳುವ ಅಟೆಂಡರ್‌ಗಳು, ವೃದ್ಧಾಶ್ರಮದ ಆಯಾಗಳು, ಜಿಡಿಎ (ಜನರಲ್ ಡ್ಯೂಟಿ ಅಸಿಸ್ಟೆಂಟ್) ಕೋರ್ಸ್ ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದವರು, ಇವರಿಗಾಗಿ ಇದನ್ನು ಬರೆದಿದ್ದೇನೆ. ಸೊಂಟದ ಕೀಲಿನ ಚೆಂಡು ಬದಲಾಯಿಸಿದ ಅಜ್ಜಿಯನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಸ್ಟ್ರೋಕ್ ಆದವರಿಗೆ ಬೇರೆ ಆಗುವ ಕಡೆ ಅಲ್ಲಲ್ಲೇ ಹೇಳುತ್ತೇನೆ. ಫಿಸಿಯೋ ಅಥವಾ ಡಾಕ್ಟರ್ ಹೇಳಿದ್ದು ಇಲ್ಲಿ ಬರೆದದ್ದಕ್ಕಿಂತ ಬೇರೆ ಇದ್ದರೆ ಅವರ ಮಾತೇ ಮಾತು.

## ಮೊದಲ ದಿನ ಕೇಳಿ ಬರೆದುಕೊಳ್ಳಬೇಕಾದದ್ದು

ಮೈ ಮುಟ್ಟುವ ಮೊದಲು ಈ ನಾಲ್ಕು ಪ್ರಶ್ನೆಗೆ ಉತ್ತರ ನಿಮ್ಮ ಪುಸ್ತಕದಲ್ಲಿ ಇರಬೇಕು. ಮನೆಯವರಿಗೆ ಗೊತ್ತಿಲ್ಲದಿದ್ದರೆ ಆಸ್ಪತ್ರೆಗೆ ಫೋನ್ ಮಾಡಿಸಿ.

1. ಆಪರೇಷನ್ ಆದ ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದು? ಪೂರ್ತಿಯೋ, ಸ್ವಲ್ಪವೋ, ಬೆರಳು ಮಾತ್ರ ನೆಲಕ್ಕೆ ತಾಗಿಸಬೇಕೋ, ಏನೂ ಹಾಕಬಾರದೋ? "ನಡೆಸಿ" ಅಂದಷ್ಟಕ್ಕೇ ಒಪ್ಪಬೇಡಿ.

2. ಯಾವ ಚಲನೆ ಮಾಡಬಾರದು? ಸೊಂಟದ ಹಿಂಭಾಗದಿಂದ ಕೊಯ್ದು ಚೆಂಡು ಹಾಕಿದ್ದರೆ ಸಾಮಾನ್ಯವಾಗಿ ಮೂರು ನಿಷೇಧ ಇರುತ್ತದೆ: ಸೊಂಟವನ್ನು 90 ಡಿಗ್ರಿಗಿಂತ ಜಾಸ್ತಿ ಬಗ್ಗಿಸಬಾರದು, ಕಾಲ ಮೇಲೆ ಕಾಲು ಹಾಕಬಾರದು, ಆ ಪಾದವನ್ನು ಒಳಕ್ಕೆ ತಿರುಗಿಸಬಾರದು. ಅಂದರೆ ಇಂಡಿಯನ್ ಟಾಯ್ಲೆಟ್ ಇಲ್ಲ, ಚಾಪೆ ಮೇಲೆ ಕೂರುವುದಿಲ್ಲ, ಬಿದ್ದ ಸೆರಗು ಬಗ್ಗಿ ಎತ್ತುವುದಿಲ್ಲ.

3. ಬಿಪಿ, ಪಲ್ಸ್ ಎಷ್ಟಿದ್ದರೆ ಎಬ್ಬಿಸಬಾರದು?

4. ರಕ್ತ ತೆಳುವಾಗಿಸುವ ಮಾತ್ರೆ ಇದೆಯಾ? ಇದ್ದರೆ ಸಣ್ಣದಾಗಿ ಬಿದ್ದರೂ ಅದು ಸಣ್ಣದಲ್ಲ.

## ಬೇಕಾಗುವ ಸಾಮಾನು

ನಡೆಸುವ ಬೆಲ್ಟ್. ಸೊಂಟಕ್ಕೆ ಕಟ್ಟುವ ಅಗಲ ಪಟ್ಟಿ, ಸರ್ಜಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಬಟ್ಟೆಯ ಮೇಲೆ ಕಟ್ಟಬೇಕು, ಒಳಗೆ ಎರಡು ಬೆರಳು ತೂರುವಷ್ಟು ಜಾಗ ಇರಬೇಕು. ಹೊಟ್ಟೆಯ ಆಪರೇಷನ್ ಗಾಯ ಇದ್ದರೆ, ಹೊಟ್ಟೆಗೆ ಟ್ಯೂಬ್ ಹಾಕಿದ್ದರೆ ಕೇಳದೆ ಕಟ್ಟಬೇಡಿ. ಬೆಲ್ಟ್ ಇಲ್ಲ ಅಂತ ಸೀರೆಯ ನೆರಿಗೆ, ಪಂಚೆಯ ಗಂಟು ಹಿಡಿಯುವವರನ್ನು ನೋಡಿದ್ದೇನೆ. ಅದು ಕೈಯಲ್ಲೇ ಬಿಚ್ಚಿಕೊಂಡು ಬರುತ್ತದೆ.

ವಾಕರ್. ಅಜ್ಜಿ ನೇರ ನಿಂತು ಕೈ ಇಳಿಬಿಟ್ಟಾಗ ಹಿಡಿಕೆ ಅವರ ಮಣಿಕಟ್ಟಿನ ಗೆರೆಗೆ ಬರಬೇಕು. ಹಿಡಿದಾಗ ಮೊಣಕೈ ಸ್ವಲ್ಪ ಮಡಚಿರಬೇಕು. ಅಂಗಡಿಯಿಂದ ತಂದ ಎತ್ತರಕ್ಕೇ ಬಿಟ್ಟುಬಿಟ್ಟಿರುವುದೇ ಹೆಚ್ಚು. ನಾಲ್ಕೂ ಕಾಲಿನ ರಬ್ಬರ್ ಬುಷ್ ತಿರುಗಿಸಿ ನೋಡಿ, ಸವೆದು ನುಣ್ಣಗಾಗಿದ್ದರೆ ಬದಲಾಯಿಸಿ.

ಕೈ ಇರುವ ಗಟ್ಟಿ ಕುರ್ಚಿ, ಸುಮಾರು 18 ಇಂಚು ಎತ್ತರ. ಕುಳ್ಳಗಿನವರಿಗೆ ಸ್ವಲ್ಪ ಕಡಿಮೆ, ಎತ್ತರದವರಿಗೆ ಸ್ವಲ್ಪ ಜಾಸ್ತಿ. ಕೂತಾಗ ಮಂಡಿ ಸೊಂಟಕ್ಕಿಂತ ಮೇಲೆ ಬರಬಾರದು. ಮೆತ್ತನೆ ಸೋಫಾ ಬೇಡವೇ ಬೇಡ, ಕೂತರೆ ಹೂತುಹೋಗುತ್ತಾರೆ. ಹಗುರ ಪ್ಲಾಸ್ಟಿಕ್ ಕುರ್ಚಿಯೂ ಬೇಡ, ಕೈ ಊರಿದಾಗ ಹಿಂದಕ್ಕೆ ಜಾರುತ್ತದೆ.

ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ. ಹವಾಯಿ ಚಪ್ಪಲಿಯನ್ನು ಬಾಗಿಲ ಹೊರಗೇ ಬಿಡಿಸಿ. ಕಾಲುಚೀಲ ಮಾತ್ರ ಹಾಕಿ ಗ್ರಾನೈಟ್ ಮೇಲೆ ನಡೆಸುವುದು ಅದಕ್ಕಿಂತ ಕೆಟ್ಟದು.

ಇನ್ನು ಬಿಪಿ ಮೆಷಿನ್, ಬೆರಳಿಗೆ ಹಾಕುವ ಆಕ್ಸಿಮೀಟರ್, ಕಮೋಡ್ ಚೇರ್, ಒಂದು ನೋಟ್‌ಬುಕ್. ನೈಟಿ ಕಣಕಾಲಿಗಿಂತ ಮೇಲಿರಲಿ.

## ಹಂತ 1: ಮಲಗಿದಲ್ಲೇ ಶುರು

ನಡೆಯುವುದು ಮಂಚದ ಮೇಲೆಯೇ ಶುರುವಾಗುತ್ತದೆ. ಎಚ್ಚರ ಇರುವಾಗ ಗಂಟೆಗೊಮ್ಮೆ ಪಾದವನ್ನು ಮೇಲೆ ಕೆಳಗೆ ಹತ್ತು ಸಲ ಆಡಿಸಬೇಕು. ಆಮೇಲೆ ಮಂಡಿಯನ್ನು ಹಾಸಿಗೆಗೆ ಒತ್ತಿ ಐದು ಎಣಿಸಿ ಬಿಡುವುದು, ಅದು ಹತ್ತು ಸಲ. ತೊಡೆಯ ಮೇಲೆ ನಿಮ್ಮ ಅಂಗೈ ಇಡಿ. ಸ್ನಾಯು ಗಟ್ಟಿಯಾಗುವುದು ಕೈಗೆ ಗೊತ್ತಾಗುತ್ತದೆ. ಗೊತ್ತಾಗದಿದ್ದರೆ ಅಜ್ಜಿ ಬರೀ "ಹೂಂ, ಮಾಡ್ತಿದ್ದೀನಿ" ಅನ್ನುತ್ತಿದ್ದಾರೆ ಅಷ್ಟೇ.

ಸ್ಟ್ರೋಕ್ ಆದವರ ಸ್ವಾಧೀನ ಇಲ್ಲದ ಕೈಕಾಲನ್ನು ನೀವು ಆಡಿಸಬೇಕು. ಕೀಲಿನ ಮೇಲೊಂದು ಕೈ, ಕೆಳಗೊಂದು ಕೈ. ನಿಧಾನಕ್ಕೆ, ಐದರಿಂದ ಹತ್ತು ಸಲ. ಬಿಗಿ ಸಿಕ್ಕಿದ ಕಡೆ ನಿಲ್ಲಿ, ತಳ್ಳಬೇಡಿ. ಸ್ವಲ್ಪ ಶಕ್ತಿ ಇದ್ದರೂ "ನೀವು ಶುರು ಮಾಡಿ, ಉಳಿದದ್ದು ನಾನು" ಎನ್ನಿ.

ಇಲ್ಲಿ ಎಲ್ಲರೂ ಮಾಡುವ ತಪ್ಪು, ಆರಾಮ ಅಂತ ಮಂಡಿಯ ಕೆಳಗೆ ದಿನವಿಡೀ ದಿಂಬು ಇಡುವುದು. ಎರಡೇ ವಾರದಲ್ಲಿ ಮಂಡಿ ಮಡಚಿದಂತೆಯೇ ಬಿಗಿಯತೊಡಗುತ್ತದೆ. ಆಮೇಲೆ ನೇರ ನಿಲ್ಲುವುದು ಹೇಗೆ? ದಿಂಬು ಎರಡು ಕಾಲಿನ ನಡುವೆ ಇರಲಿ, ಕಾಲು ಒಂದರ ಮೇಲೊಂದು ಬರದಂತೆ. ತಾವೇ ಹೊರಳಲು ಆಗದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಿ. ಬೆಡ್‌ಸೋರ್, ಅಂದರೆ ಒಂದೇ ಕಡೆ ಮಲಗಿ ಆಗುವ ಹುಣ್ಣು, ಆದರೆ ಕೂರಿಸುವ ಕೆಲಸವೇ ನಿಂತುಹೋಗುತ್ತದೆ.

ಎಣ್ಣೆ ತಿಕ್ಕುವ ವಿಷಯ ಒಂದು ಹೇಳಲೇಬೇಕು. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ಮುಟ್ಟಿದರೆ ನೋವು ಅಂದರೆ ಅದು ರಕ್ತ ಹೆಪ್ಪುಗಟ್ಟಿರುವ ಲಕ್ಷಣ ಇರಬಹುದು. "ಬಾವು ಇಳಿಯುತ್ತೆ, ತಿಕ್ಕಮ್ಮ" ಅಂತ ಮನೆಯವರು ಹೇಳುತ್ತಾರೆ. ತಿಕ್ಕಬೇಡಿ, ನಡೆಸಬೇಡಿ. ಆ ಹೆಪ್ಪು ಜಾರಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಅವತ್ತೇ ಡಾಕ್ಟರ್‌ಗೆ ತಿಳಿಸಿ.

## ಹಂತ 2: ಮಂಚದ ಅಂಚಿನಲ್ಲಿ ಕೂರುವುದು

ಹೆಚ್ಚಿನವರು ಹಾರಿಬಿಡುವ ಹಂತ ಇದೇ. ಕೂತಾಗಲೇ ಬ್ಯಾಲೆನ್ಸ್ ಇಲ್ಲದವರು ನಿಂತಾಗ ಎಲ್ಲಿಂದ ತರುತ್ತಾರೆ?

1. ಹೊತ್ತು ನೋಡಿ. ನೋವಿನ ಮಾತ್ರೆ ಕೊಟ್ಟು ಮುಕ್ಕಾಲು ಗಂಟೆ ಆಗಿರಲಿ. ಊಟವಾದ ತಕ್ಷಣ ಬೇಡ. ಇನ್ಸುಲಿನ್ ಕೊಟ್ಟು ತಿಂಡಿ ಕೊಡದೆ ಅಂತೂ ಬೇಡವೇ ಬೇಡ.

2. ಮಲಗಿದಾಗಲೇ ಬಿಪಿ ಬರೆದುಕೊಳ್ಳಿ.

3. ತಲೆಯ ಕಡೆ ಎತ್ತರಿಸಿ. ಮೊಣಕೈ ಊರಿ ಎದೆ ಎತ್ತಲು ಹೇಳಿ. ಸೊಂಟದ ಆಪರೇಷನ್ ಆದವರನ್ನು ಸಾಮಾನ್ಯವಾಗಿ ಆಪರೇಷನ್ ಆದ ಕಡೆಯಿಂದಲೇ ಇಳಿಸುತ್ತಾರೆ. ಆಗ ಆ ಕಾಲು ಇನ್ನೊಂದು ಕಾಲಿನ ಕಡೆ ದಾಟುವುದಿಲ್ಲ. ನೀವು ಹಿಮ್ಮಡಿಯ ಕೆಳಗೆ ಕೈ ಕೊಟ್ಟು ಕಾಲಿನ ಭಾರ ಮಾತ್ರ ಹೊರಿ. ಮೈಯನ್ನು ಅವರೇ ತಿರುಗಿಸಲಿ.

4. ಎರಡೂ ಪಾದ ಪೂರ್ತಿ ನೆಲಕ್ಕೆ ತಾಗಬೇಕು. ನೇತಾಡುತ್ತಿದ್ದರೆ ಗಟ್ಟಿ ಮಣೆ ಇಡಿ. ಅಲ್ಲಿಂದ ಎಬ್ಬಿಸುವ ಮೊದಲು ಮಣೆ ತೆಗೆಯಲು ಮರೆಯಬೇಡಿ.

5. ಒಂದು ನಿಮಿಷ ಸುಮ್ನೆ ಕೂರಿಸಿ, ಮಾತಾಡಿಸಿ. ಮತ್ತೆ ಬಿಪಿ ನೋಡಿ. ಮೇಲಿನ ಸಂಖ್ಯೆ 20 ಅಥವಾ ಕೆಳಗಿನದು 10 ಇಳಿದಿದ್ದರೆ, ಇಲ್ಲವೇ "ಕಣ್ಣು ಕತ್ತಲೆ ಬರ್ತಿದೆ" ಅಂದರೆ ಮಲಗಿಸಿ. ಅವತ್ತು ನಿಲ್ಲಿಸುವುದು ಬೇಡ. ಬರೆದಿಟ್ಟು ನರ್ಸ್ ಅಥವಾ ಫಿಸಿಯೋಗೆ ತಿಳಿಸಿ.

ಕೈ ಊರದೆ ಹತ್ತು ನಿಮಿಷ ಕೂರುವಂತಾಗುವವರೆಗೆ ನಾನು ಮುಂದಿನ ಹಂತಕ್ಕೆ ಹೋಗುವುದಿಲ್ಲ. ಸುಮ್ಮನೆ ಕೂರಿಸಿದರೆ ಯಾರಿಗಾದರೂ ಬೇಜಾರು. ಹೋದ ಚಳಿಗಾಲದಲ್ಲಿ ಒಬ್ಬ ಅಜ್ಜಿ ಐದು ನಿಮಿಷಕ್ಕೇ "ಸಾಕು, ಮಲಗ್ತೀನಿ" ಅನ್ನುತ್ತಿದ್ದರು. ಎದುರಿಗೆ ಎತ್ತರದ ಮೇಜು ಇಟ್ಟು ಅವರೆಕಾಯಿ ಕೊಟ್ಟೆ. ಸುಲಿಯುತ್ತಾ ಸೊಸೆ ಸಾರಿಗೆ ಹುಳಿ ಜಾಸ್ತಿ ಹಾಕುತ್ತಾಳೆ ಅಂತ ದೂರು ಹೇಳುತ್ತಾ ಅರ್ಧ ಗಂಟೆ ಕೂತಿದ್ದರು. ಕೈ ಮುಂದೆ ಚಾಚಿ, ಪಕ್ಕಕ್ಕೆ ಸಿಪ್ಪೆ ಹಾಕಿ, ಮತ್ತೆ ನಡುವಿಗೆ ಬರುತ್ತಿದ್ದರು. ಬ್ಯಾಲೆನ್ಸ್‌ಗೆ ಬೇಕಾದ ವ್ಯಾಯಾಮ ಅದೇ ತಾನೇ. ಹೂ ಕಟ್ಟುವುದು, ತಲೆ ಬಾಚಿಕೊಳ್ಳುವುದು ಕೂಡ ನಡೆಯುತ್ತದೆ. ಬುಟ್ಟಿ ಮಾತ್ರ ನೆಲದ ಮೇಲೆ ಇಡಬೇಡಿ, ಬಗ್ಗುತ್ತಾರೆ.

## ಹಂತ 3: ಎದ್ದು ನಿಲ್ಲುವುದು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಎಲ್ಲ ತಪ್ಪೂ ಇಲ್ಲೇ ಆಗುವುದು.

ಕಂಕುಳಿಗೆ ಕೈ ಹಾಕಿ ಎತ್ತಬೇಡಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಹಾಗೇ ಮಾಡುತ್ತಿದ್ದೆ. ಎಡಗೈ ಸ್ವಾಧೀನ ಇಲ್ಲದ ಒಬ್ಬ ತಾತನನ್ನು ಹಾಗೆ ಎತ್ತಿ ಎತ್ತಿ, ವಾರದೊಳಗೆ ಅವರ ಭುಜ ಮುಟ್ಟಿದರೆ ಕೂಗುವಂತಾಯಿತು. ಸ್ಟ್ರೋಕ್ ಆದ ಕಡೆಯ ಭುಜವನ್ನು ಹಿಡಿದಿಡುವ ಸ್ನಾಯು ಸಡಿಲ ಆಗಿರುತ್ತದೆ, ಎಳೆದರೆ ಕೀಲು ಜಾರುತ್ತದೆ. ಆ ಕೈಯನ್ನು ಯಾವತ್ತೂ ಹಿಡಿದು ಎಳೆಯಬಾರದು. ಅಂಗಿ ಹಾಕುವಾಗಲೂ ಅಷ್ಟೇ.

ಸರಿಯಾದ ಕ್ರಮ ಹೀಗೆ.

1. ಬೆಲ್ಟ್ ಕಟ್ಟಿ. ಚಪ್ಪಲಿ ಹಾಕಿಸಿ. ವಾಕರ್ ಎದುರಿಗೆ ಇರಲಿ. ಮಂಚಕ್ಕೆ ಚಕ್ರ ಇದ್ದರೆ ಬ್ರೇಕ್ ಹಾಕಿ.

2. ಕುಂಡಿಯನ್ನು ಅಂಚಿಗೆ ಸರಿಸಿಕೊಳ್ಳಲು ಹೇಳಿ. ಹಿಂದೆ ಒರಗಿ ಕೂತವರು ಏಳಲಾರರು.

3. ಪಾದ ಇಡುವ ಜಾಗ. ಸ್ಟ್ರೋಕ್ ಆದವರಿಗೆ ಎರಡೂ ಪಾದ ಮಂಡಿಗಿಂತ ಸ್ವಲ್ಪ ಹಿಂದಕ್ಕೆ. ಸೊಂಟದ ಆಪರೇಷನ್ ಆದವರಿಗೆ ಒಳ್ಳೆ ಕಾಲು ಹಿಂದಕ್ಕೆ, ಆಪರೇಷನ್ ಆದ ಕಾಲು ಮುಂದಕ್ಕೆ ಚಾಚಿ.

4. ಕೈ ಎಲ್ಲಿ? ಮಂಚದ ಮೇಲೆ, ಅಥವಾ ಕುರ್ಚಿಯ ಕೈ ಮೇಲೆ. ವಾಕರ್ ಹಿಡಿದು ಎಳೆದುಕೊಂಡು ಏಳಬಾರದು. ವಾಕರ್ ಅವರ ಮೇಲೇ ಮಗುಚುತ್ತದೆ.

5. ಸ್ಟ್ರೋಕ್ ಆದವರಿಗೆ "ಮೂಗು ಕಾಲ್ಬೆರಳಿನ ಮೇಲೆ ಬರ್ಲಿ" ಎನ್ನಿ. ಮುಂದಕ್ಕೆ ಬಾಗಿದರೆ ಕುಂಡಿ ತಾನೇ ಏಳುತ್ತದೆ. ಈ ಮಾತನ್ನು ಸೊಂಟದ ಅಜ್ಜಿಗೆ ಹೇಳಬೇಡಿ, ಅವರು 90 ಡಿಗ್ರಿ ದಾಟಿಬಿಡುತ್ತಾರೆ. ಅವರಿಗೆ "ಕೈ ಊರಿ ಒತ್ತಿ, ಎದೆ ಎತ್ತಿ" ಎನ್ನಿ. ಮಂಚ ತಗ್ಗಿದ್ದರೆ ಹಾಸಿಗೆಯ ಕೆಳಗೆ ಏನಾದರೂ ಗಟ್ಟಿಯಾದದ್ದು ಹಾಕಿ ಎತ್ತರಿಸಿ.

6. ನೀವು ದುರ್ಬಲ ಕಾಲಿನ ಕಡೆ, ಸ್ವಲ್ಪ ಹಿಂದೆ. ಅಂಗೈ ಮೇಲೆ ಮಾಡಿ ಬೆಲ್ಟ್ ಹಿಡಿಯಿರಿ. ಇನ್ನೊಂದು ಕೈ ಭುಜದ ಮುಂದೆ, ಮುಟ್ಟದೆ ಸಿದ್ಧವಾಗಿ. ನಿಮ್ಮ ಮಂಡಿ ಮಡಚಿ, ಬೆನ್ನು ನೇರ.

7. "ಒಂದು, ಎರಡು, ಮೂರು, ಏಳಿ."

ಹೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ. ಎಂಬತ್ತರ ಹತ್ತಿರದವರ ಕಿವಿಗೆ ಬಿದ್ದ ಮಾತು ಕಾಲಿಗೆ ತಲುಪಲು ಹೊತ್ತು ಬೇಕು. ನಾವು ಮೂರು ಎಣಿಸುವಷ್ಟರಲ್ಲಿ ಎತ್ತಿಬಿಡುತ್ತೇವೆ, ಅವರ ತೊಡೆ ಕೆಲಸವೇ ಮಾಡುವುದಿಲ್ಲ. ಹತ್ತಕ್ಕೂ ಏಳದಿದ್ದರೆ ಬೆಲ್ಟ್‌ನಿಂದ ಸ್ವಲ್ಪ ಆಸರೆ ಕೊಡಿ. ಮಗ ಬಾಗಿಲಲ್ಲಿ ನಿಂತು "ಪಾಪ, ಅಷ್ಟು ಕಷ್ಟ ಯಾಕೆ ಕೊಡ್ತೀರಾ, ಎತ್ಬಿಡಿ" ಅಂತಾರೆ. ಅವರಿಗೆ ಒಂದು ಕೆಲಸ ಕೊಡಿ: ಗಡಿಯಾರ ನೋಡಿ ಅಮ್ಮ ಎಷ್ಟು ಸೆಕೆಂಡ್ ನಿಂತರು ಅಂತ ಬರೆಯಲಿ.

ಮೊದಲ ದಿನ ಹತ್ತು ಸೆಕೆಂಡ್ ನಿಂತರೂ ಸಾಕು, ಕೂರಿಸಿ. ಎರಡು ಮೂರು ಸಲ ಹಾಗೆ ಮಾಡಿ. ಸೊಂಟ ಬಿಟ್ಟುಕೊಡದೆ, ಮಂಡಿ ಬಾಗದೆ ಒಂದು ನಿಮಿಷ ನಿಲ್ಲುವಂತಾದ ಮೇಲೆ, ನಿಂತಲ್ಲೇ ಭಾರವನ್ನು ಆ ಕಾಲಿನಿಂದ ಈ ಕಾಲಿಗೆ ಬದಲಾಯಿಸಲು ಕಲಿಸಿ. ಡಾಕ್ಟರ್ ಹೇಳಿದಷ್ಟೇ ಭಾರ.

## ಹಂತ 4: ಮಂಚದಿಂದ ಕುರ್ಚಿಗೆ

ಕುರ್ಚಿ ಒಳ್ಳೆ ಕಾಲಿನ ಕಡೆ, ಮಂಚಕ್ಕೆ ಸ್ವಲ್ಪ ಓರೆಯಾಗಿ. ಗಾಲಿ ಕುರ್ಚಿಯಾದರೆ ಬ್ರೇಕ್ ಹಾಕಿ, ಪಾದ ಇಡುವ ಹಲಗೆ ಮಡಚಿ.

ನಿಂತ ಮೇಲೆ ಪುಟ್ಟ ಪುಟ್ಟ ಹೆಜ್ಜೆಯಲ್ಲಿ ತಿರುಗಬೇಕು. ಆಪರೇಷನ್ ಆದ ಕಾಲನ್ನು ನೆಲಕ್ಕೆ ಊರಿ ಅದರ ಮೇಲೇ ಗಿರಕಿ ಹೊಡೆಯಬಾರದು. ಕಾಲಿನ ಹಿಂಭಾಗಕ್ಕೆ ಕುರ್ಚಿ ತಾಗುವವರೆಗೆ ಹಿಂದಕ್ಕೆ ಬರಲಿ. ಆಮೇಲೆ ಆಪರೇಷನ್ ಆದ ಕಾಲು ಮುಂದಕ್ಕೆ, ಕೈ ಕುರ್ಚಿಯ ಕೈಗೆ, ನಿಧಾನಕ್ಕೆ ಇಳಿಯುವುದು. ದೊಪ್ಪನೆ ಕೂತರೆ ಅವತ್ತಿಗೆ ಸುಸ್ತಾಗಿದೆ ಅಂತ ಅರ್ಥ, ಮತ್ತೆ ಎಬ್ಬಿಸಬೇಡಿ.

ಊಟ, ಕಾಫಿ ಎಲ್ಲ ಇನ್ನು ಮೇಲೆ ಕುರ್ಚಿಯಲ್ಲೇ. ಮೂರು ಹೊತ್ತು ಊಟಕ್ಕೆ ಎದ್ದು ಕೂತರೆ ಮೂರು ಸಲ ಅಭ್ಯಾಸ ಆಯಿತಲ್ವಾ. ಡಯಾಪರ್ ಹಾಕಿ ಮಲಗಿಸುವುದು ನಮಗೆ ಸುಲಭ, ಆದರೆ ಕಮೋಡ್ ಚೇರ್‌ಗೆ ಎಬ್ಬಿಸುವಷ್ಟು ಒಳ್ಳೆಯ ಅಭ್ಯಾಸ ಬೇರೆ ಇಲ್ಲ. ಎದ್ದು ಹೋಗಬೇಕು ಅನ್ನುವ ಆಸೆ ಅವರಿಗೇ ಇರುತ್ತದೆ.

## ಹಂತ 5: ವಾಕರ್ ಜೊತೆ ಹೆಜ್ಜೆ

ಕ್ರಮ ಬಾಯಿಪಾಠ ಆಗಬೇಕು: ವಾಕರ್, ನೋವಿನ ಕಾಲು, ಒಳ್ಳೆ ಕಾಲು. ಪ್ರತಿ ಹೆಜ್ಜೆಗೂ ಜೋರಾಗಿ ಹೇಳಿ. ಎರಡು ಮೂರು ದಿನದ ಮೇಲೆ ಅವರೇ ಹೇಳಲಿ.

ವಾಕರ್‌ನ ನಾಲ್ಕೂ ಕಾಲು ನೆಲಕ್ಕೆ ತಾಗಿದ ಮೇಲೇ ಕಾಲು ಎತ್ತಬೇಕು. ತೀರಾ ದೂರ ಇಟ್ಟರೆ ಅಜ್ಜಿ ಮುಂದಕ್ಕೆ ತೂಗುತ್ತಾರೆ. ತೀರಾ ಹತ್ತಿರ ಇಟ್ಟು ಮುಂದಿನ ಸರಳಿನವರೆಗೆ ಒಳಗೆ ನುಗ್ಗಿದರೆ ಹಿಂದಕ್ಕೆ ಬೀಳುತ್ತಾರೆ. ನೆಲ ನೋಡಿಕೊಂಡು ನಡೆಯುವುದು ಎಲ್ಲರ ಅಭ್ಯಾಸ. ದೇವರ ಮನೆಯ ದೀಪವನ್ನೋ ಗೋಡೆಯ ಕ್ಯಾಲೆಂಡರನ್ನೋ ತೋರಿಸಿ "ಅಲ್ಲಿ ನೋಡ್ಕೊಂಡು ಬನ್ನಿ" ಎನ್ನಿ.

ನೀವು ಎದುರಿಗೆ ನಿಂತು ಎರಡೂ ಕೈ ಹಿಡಿದು ಮಗುವಿನ ಹಾಗೆ ಹಿಂದಕ್ಕೆ ನಡೆಯಬೇಡಿ. ಅವರು ಕುಸಿದರೆ ಹಿಡಿಯಲು ನಿಮ್ಮ ಕೈಯೇ ಖಾಲಿ ಇರುವುದಿಲ್ಲ. ದುರ್ಬಲ ಕಡೆ, ಅರ್ಧ ಹೆಜ್ಜೆ ಹಿಂದೆ, ಬೆಲ್ಟ್ ಕೈಯಲ್ಲಿ. ನಡುವೆ ಒಂದು ಕುರ್ಚಿ ಇಟ್ಟಿರಿ. ಮಾತಾಡಿಸಿ: ಪೂರ್ತಿ ವಾಕ್ಯ ಹೇಳಲು ಉಸಿರು ಸಾಲದಿದ್ದರೆ ಕೂರಿಸುವ ಹೊತ್ತು. ದೂರವನ್ನು ದಿನಕ್ಕೆ ಎರಡು ಮೂರು ಹೆಜ್ಜೆ ಮಾತ್ರ ಹೆಚ್ಚಿಸಿ. ಹೋದಷ್ಟೇ ದೂರ ವಾಪಸ್ ಬರಬೇಕು ಅನ್ನುವುದನ್ನು ಮರೆತು ಹಾಲ್‌ನ ನಟ್ಟನಡುವೆ ಸಿಕ್ಕಿಹಾಕಿಕೊಳ್ಳುವವರೇ ಜಾಸ್ತಿ.

ಫಿಸಿಯೋ ಕೋಲಿಗೆ ಬದಲಾಯಿಸಿದಾಗ, ಕೋಲು ಒಳ್ಳೆ ಕಾಲಿನ ಕಡೆಯ ಕೈಯಲ್ಲಿ. ಎಡಕಾಲು ನೋವಾದರೆ ಬಲಗೈಯಲ್ಲಿ. ಮನೆಯವರು ನೋವಿನ ಕಡೆಯೇ ಕೊಟ್ಟಿರುತ್ತಾರೆ, ಬದಲಾಯಿಸಿ.

## ಹಂತ 6: ಹೊಸ್ತಿಲು, ಬಚ್ಚಲು, ಮೆಟ್ಟಿಲು

ಹಾಲ್‌ನಲ್ಲಿ ಚೆನ್ನಾಗಿ ನಡೆದವರು ಬೀಳುವುದು ಹೊಸ್ತಿಲ ಹತ್ತಿರ. ವಾಕರನ್ನು ಮೊದಲು ಹೊಸ್ತಿಲಿನ ಪಕ್ಕಕ್ಕೇ ತನ್ನಿ. ಆಮೇಲೆ ಎತ್ತಿ ನಾಲ್ಕೂ ಕಾಲು ಆ ಕಡೆ. ಎರಡು ಕಾಲು ಈ ಕಡೆ ಎರಡು ಆ ಕಡೆ ನಿಂತರೆ, ನೆಲದ ಮಟ್ಟ ಬೇರೆ ಇದ್ದಾಗ ಅದು ಅಲ್ಲಾಡುತ್ತದೆ. ನಂತರ ನೋವಿನ ಕಾಲು, ಮಂಡಿ ಎತ್ತಿ. ಕೊನೆಗೆ ಒಳ್ಳೆ ಕಾಲು.

ಬಚ್ಚಲು ಸಾಮಾನ್ಯವಾಗಿ ಒಂದೆರಡು ಇಂಚು ತಗ್ಗು. ಇಳಿಯುವಾಗ ನೋವಿನ ಕಾಲು ಮೊದಲು, ಹತ್ತುವಾಗ ಒಳ್ಳೆ ಕಾಲು ಮೊದಲು. ಮೆಟ್ಟಿಲಿಗೂ ಇದೇ ನಿಯಮ. ಮೆಟ್ಟಿಲನ್ನು ಮೊದಲ ಸಲ ಫಿಸಿಯೋ ಎದುರಿಗೇ ಹತ್ತಿಸಿ. ಹತ್ತುವಾಗ ನೀವು ಹಿಂದೆ, ಇಳಿಯುವಾಗ ಮುಂದೆ.

ಒದ್ದೆ ನೆಲ ಒರೆಸಿದ ಮೇಲೇ ಕರೆದುಕೊಂಡು ಹೋಗಿ. ಎಣ್ಣೆ ಹಚ್ಚಿದ ಪಾದದಲ್ಲಿ ನಡೆಸಬೇಡಿ. ಜಾರುವ ಕಾಲೊರಸು ತೆಗೆಯಿರಿ. ಟವೆಲ್ ಹಾಕುವ ಸರಳು ಹಿಡಿದು ಏಳಬಾರದು, ಅದು ಕಿತ್ತು ಬರುತ್ತದೆ. ರಾತ್ರಿ ಮಂಚದಿಂದ ಬಚ್ಚಲಿನವರೆಗೆ ಸಣ್ಣ ದೀಪ ಇರಲಿ.

## ಬೀಳುತ್ತಿದ್ದರೆ, ಬಿದ್ದರೆ

ಬೀಳುತ್ತಿರುವವರನ್ನು ಎತ್ತಿ ನಿಲ್ಲಿಸಲು ಹೋದರೆ ಇಬ್ಬರೂ ಬೀಳುತ್ತೀರಿ. ಕಾಲು ಅಗಲಿಸಿ, ಬೆಲ್ಟ್ ಹಿಡಿದು ಅವರನ್ನು ನಿಮ್ಮ ಮೈಗೆ ಒರಗಿಸಿಕೊಳ್ಳಿ, ನಿಮ್ಮ ತೊಡೆಯ ಮೇಲೆ ಜಾರಿಸುತ್ತಾ ನೆಲಕ್ಕೆ ಇಳಿಸಿ. ತಲೆ ಪೆಟ್ಟಾಗದಂತೆ ನೋಡಿ.

ನೆಲದಲ್ಲಿ ಇರುವವರನ್ನು ತಕ್ಷಣ ಎಬ್ಬಿಸಬೇಡಿ. ಮೊದಲು ಕೇಳಿ, ನೋಡಿ. ಒಂದು ಕಾಲು ಗಿಡ್ಡವಾಗಿ ಒಳಕ್ಕೋ ಹೊರಕ್ಕೋ ತಿರುಗಿದ್ದರೆ, ತೊಡೆಸಂದಿಯಲ್ಲಿ ಜೋರು ನೋವಿದ್ದರೆ, ತಲೆಗೆ ಪೆಟ್ಟಾಗಿದ್ದರೆ ಅಲ್ಲಾಡಿಸದೆ 108ಕ್ಕೆ ಫೋನ್ ಮಾಡಿ. ಬಿದ್ದದ್ದನ್ನು ಮುಚ್ಚಿಡಬೇಡಿ. ಬೈಗುಳದ ಹೆದರಿಕೆಗೆ ಮುಚ್ಚಿಟ್ಟು, ಮೂರು ದಿನದ ಮೇಲೆ ಎಕ್ಸ್‌ರೇಯಲ್ಲಿ ಗೊತ್ತಾದದ್ದನ್ನು ಕಂಡಿದ್ದೇನೆ.

## ಇವು ಕಂಡರೆ ಕೆಲಸ ನಿಲ್ಲಿಸಿ

ತಕ್ಷಣ 108: ಎದೆ ನೋವು, ಇದ್ದಕ್ಕಿದ್ದಂತೆ ಏದುಸಿರು, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಒಂದು ಕಡೆಯ ಕೈ ಜೋತುಬೀಳುವುದು, ಪ್ರಜ್ಞೆ ತಪ್ಪುವುದು. ಸೊಂಟದಲ್ಲಿ "ಟಕ್" ಎಂದು ಶಬ್ದವಾಗಿ ಕಾಲು ಊರಲಾಗದಿದ್ದರೆ ಚೆಂಡು ಜಾರಿರಬಹುದು, ಮಲಗಿಸಿದಲ್ಲೇ ಬಿಟ್ಟು ಫೋನ್ ಮಾಡಿ.

ಅವತ್ತೇ ಡಾಕ್ಟರ್‌ಗೆ: ಗಾಯದಿಂದ ಕೀವು ಅಥವಾ ಹೊಸದಾಗಿ ರಕ್ತ, ಜ್ವರ, ಮೊದಲೇ ಹೇಳಿದ ಮೀನಖಂಡದ ಬಾವು, ನಿನ್ನೆ ನಡೆದವರು ಇವತ್ತು ನಿಲ್ಲಲೂ ಆಗದಿರುವುದು, ನಿನ್ನೆ ಸರಿ ಮಾತಾಡಿದವರು ಇವತ್ತು ಏನೇನೋ ಮಾತಾಡುವುದು. ಈ ಕೊನೆಯದನ್ನು "ವಯಸ್ಸಾಯ್ತು" ಅಂತ ಬಿಟ್ಟುಬಿಡುತ್ತಾರೆ. ಎಷ್ಟೋ ಸಲ ಅದು ಮೂತ್ರದ ಸೋಂಕೋ, ಸೋಡಿಯಂ ಇಳಿದದ್ದೋ ಆಗಿರುತ್ತದೆ.

## ನೋಟ್‌ಬುಕ್

"ಇವತ್ತು ಚೆನ್ನಾಗಿ ನಡೆದರು" ಅಂತ ಬರೆದರೆ ಫಿಸಿಯೋಗೆ ಏನೂ ಗೊತ್ತಾಗುವುದಿಲ್ಲ. ಹೊತ್ತು, ಬಿಪಿ, ಎಷ್ಟು ಸಲ ಎದ್ದರು, ಎಷ್ಟು ಹೆಜ್ಜೆ, ನಿಮ್ಮ ಕೈ ಎಷ್ಟು ಬೇಕಾಯಿತು ಅಂತ ಬರೆಯಿರಿ. ಸಹಾಯವನ್ನು ಹೀಗೆ ಅಳೆಯಬಹುದು: ಬಾಯಿಮಾತು ಸಾಕಾಯಿತು, ಬೆಲ್ಟ್ ಮುಟ್ಟಿದೆ ಅಷ್ಟೇ, ಸ್ವಲ್ಪ ಎತ್ತಿದೆ, ಪೂರ್ತಿ ಎತ್ತಿದೆ. ಒಂದು ಮಾದರಿ:

"ಬೆಳಿಗ್ಗೆ 10.30. ಮಲಗಿದಾಗ 134/80, ಕೂತಾಗ 126/78. ತಲೆಸುತ್ತು ಇಲ್ಲ. ಮೂರು ಸಲ ಎದ್ದರು, ಎರಡು ಸಲ ಬಾಯಿಮಾತಲ್ಲೇ, ಮೂರನೆಯದಕ್ಕೆ ಬೆಲ್ಟ್ ಸ್ವಲ್ಪ ಎತ್ತಿದೆ. ವಾಕರ್‌ನಲ್ಲಿ 14 ಹೆಜ್ಜೆ, ಅಡುಗೆಮನೆ ಹೊಸ್ತಿಲವರೆಗೆ. ದಾಟಿಸಲಿಲ್ಲ, ಕಾಲು ನಡುಗುತ್ತಿತ್ತು. ಸಾರಿನ ವಾಸನೆ ನೋಡಿ ಹುಳಿ ಜಾಸ್ತಿ ಆಗಿದೆ ಅಂದರು."